ಬೆದರುವ ನಾಯಿಗಾಗಿ ಮನೆಯನ್ನು ಮಾರ್ಪಡಿಸಿದ ಕೆಲಸ: ಕಿಟಕಿ, ಒಳಗೇಟು, ಕರೆಗಂಟೆ, ಬಾಯಿಬುಟ್ಟಿ

ಕೆಂಚ ಮಿಶ್ರ ತಳಿಯ ಗಂಡು ನಾಯಿ. ವಯಸ್ಸು ನಾಲ್ಕು ವರ್ಷ, ತೂಕ 22 ಕಿಲೋ, ನೆಲದಿಂದ ಭುಜದವರೆಗಿನ ಎತ್ತರ 54 ಸೆಂಟಿಮೀಟರ್. ಬೇರೆ ನಾಯಿ ಕಂಡರೆ, ಕರೆಗಂಟೆ ಕೇಳಿದರೆ, ಬಾಗಿಲ ಹೊರಗೆ ಗುರುತಿಲ್ಲದವರು ನಿಂತರೆ ಬೆನ್ನ ಮೇಲಿನ ಕೂದಲು ನಿಮಿರಿ, ಉಸಿರು ಸಿಕ್ಕಿಕೊಳ್ಳುವ ಮಟ್ಟಿಗೆ ಬೊಗಳುತ್ತದೆ. ಎಲ್ಲ ಶಾಂತವಾದ ಮೇಲೂ ಮಲಗಲಾರದೆ ಕೋಣೆಯಿಂದ ಕೋಣೆಗೆ ಅಲೆಯುತ್ತದೆ. ಸಂಜೆ ಅರ್ಧ ಗಂಟೆ ತಿನಿಸು ಹಿಡಿದು ಅಭ್ಯಾಸ ಮಾಡಿಸುತ್ತಿದ್ದೆವು. ಆದರೆ ಹಗಲಿಡೀ ಅದು ಸೋಫಾದ ಬೆನ್ನೇರಿ ಕಿಟಕಿಯಿಂದ ರಸ್ತೆ ಕಾಯುತ್ತಿದ್ದುದರಿಂದ ಸುಮ್ಮನಿರುವ ಅಭ್ಯಾಸಕ್ಕಿಂತ ಬೊಗಳುವ ಅಭ್ಯಾಸವೇ ಹೆಚ್ಚಾಗಿ ನಡೆಯುತ್ತಿತ್ತು. ಆದ್ದರಿಂದ ಪಾಠವನ್ನು ಬದಿಗಿಟ್ಟು, ನಾಯಿಗೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಎಂಬುದನ್ನು ಮೊದಲು ಸರಿಪಡಿಸಲು ಹೊರಟೆವು. ಕೆಲಸ ನಡೆದ ಕ್ರಮದಲ್ಲೇ, ಕೆಟ್ಟುಹೋದ ಪ್ರಯತ್ನಗಳನ್ನೂ ಸೇರಿಸಿ ಇಲ್ಲಿ ಬರೆದಿಟ್ಟಿದ್ದೇನೆ.

ಹಂತ 0: ತಪಾಸಣೆ

ಗೋಡೆಗೆ ಕೈಹಾಕುವ ಮೊದಲು ಪಶುವೈದ್ಯರಿಗೆ ತೋರಿಸಿದೆವು. ವರ್ತನೆಯ ತೊಂದರೆಗಾಗಿ ತಜ್ಞರ ಬಳಿಗೆ ಬರುವ ನಾಯಿ ಮತ್ತು ಬೆಕ್ಕುಗಳಲ್ಲಿ ಕಡಿಮೆಯೆಂದರೂ ಮೂರರಲ್ಲಿ ಒಂದರಷ್ಟಕ್ಕೆ ಯಾವುದಾದರೊಂದು ನೋವಿನ ಕಾಯಿಲೆ ಇರುತ್ತದೆಂದು 2020ರಲ್ಲಿ ಪ್ರಕಟವಾದ ಪಶುವೈದ್ಯಕೀಯ ಪರಿಶೀಲನೆಯೊಂದು ಅಂದಾಜಿಸಿದೆ. ಕೆಂಚನ ಬಲಗಿವಿಯ ಒಳಗೆ ಸೋಂಕಿತ್ತು. ಕೊರಳಪಟ್ಟಿ ಹಿಡಿಯಲು ಆ ಕಡೆಯಿಂದ ಕೈಚಾಚಿದಾಗ ಮಾತ್ರ ಅದು ಗುರ್ರೆನ್ನುತ್ತಿದ್ದುದೇಕೆಂದು ಆಗ ತಿಳಿಯಿತು. ಕಿವಿ ವಾಸಿಯಾದ ಮೇಲೆ ಗುರ್ರೆನ್ನುವುದು ನಿಂತಿತು; ಬೊಗಳುವುದು ನಿಲ್ಲಲಿಲ್ಲ. ವೈದ್ಯರು ಆತಂಕ ತಗ್ಗಿಸುವ ಫ್ಲೂಆಕ್ಸೆಟಿನ್ ಮಾತ್ರೆ ಆರಂಭಿಸಿದರು. ಮನುಷ್ಯರ ಮಾತ್ರೆಯನ್ನು ನಾಯಿಗೆ ಕೊಡುವುದೇ ಎಂದು ಮನೆಯಲ್ಲಿ ಹಿಂಜರಿಕೆ ಇತ್ತು. ಒಂಟಿಯಾಗಿ ಬಿಟ್ಟಾಗ ಆತಂಕಪಡುವ ನಾಯಿಗಳಿಗೆಂದೇ ಇದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಅನುಮೋದಿಸಿದೆ. ಪರಿಣಾಮ ಕಾಣಿಸಲು ಕೆಲವು ವಾರಗಳೇ ಬೇಕಾಗುವುದರಿಂದ ಕಟ್ಟುವ ಕೆಲಸಕ್ಕೆ ಮೊದಲೇ ಮಾತ್ರೆ ಶುರುವಾದದ್ದು ಅನುಕೂಲವಾಯಿತು. ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ವೈದ್ಯರೇ ನಿರ್ಧರಿಸಬೇಕು, ನಿಲ್ಲಿಸುವುದಿದ್ದರೂ ಅವರನ್ನು ಕೇಳಿಯೇ ನಿಲ್ಲಿಸಬೇಕು.

ಹಂತ 1: ಕಿಟಕಿ

ಬಳಸಿದ ಸಾಮಾನು: ಅಳತೆ ಟೇಪು, ಗಾಜಿಗೆ ಅಂಟಿಸುವ ಮಬ್ಬು ಫಿಲ್ಮ್, ಸ್ಪ್ರೇ ಬಾಟಲಿ, ಪಾತ್ರೆ ತೊಳೆಯುವ ದ್ರವ, ಗಾಜು ಒರೆಸುವ ರಬ್ಬರ್ ಪಟ್ಟಿ, ಹೊಸ ಬ್ಲೇಡು ಹಾಕಿದ ಕಟ್ಟರ್.

ಮೊದಲು ದಪ್ಪ ಪರದೆ ಹಾಕಿದೆವು. ಕೆಂಚ ಪರದೆಯ ಅಡಿಯಿಂದ ತಲೆ ತೂರಿಸಿತು. ಪರದೆ ಅಲುಗಿದರೂ ಹೊರಗೆ ಯಾರೋ ಬಂದರೆಂದು ಎದ್ದು ಓಡತೊಡಗಿತು. ಪರದೆಯನ್ನು ತೆಗೆದು ಫಿಲ್ಮ್ ತಂದೆವು.

ಫಿಲ್ಮಿನ ಎತ್ತರವನ್ನು ನಾಯಿಯ ಕಣ್ಣಿನ ಮಟ್ಟದಿಂದ ಲೆಕ್ಕಹಾಕಬೇಕು. ಕೆಂಚ ನಾಲ್ಕು ಕಾಲಲ್ಲಿ ನಿಂತಾಗ ಅದರ ಕಣ್ಣು ನೆಲದಿಂದ 58 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಮುಂಗಾಲುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತರೆ 112. ಕಿಟಕಿಯ ಗಾಜು ನೆಲದಿಂದ 75 ಸೆಂಟಿಮೀಟರ್‌ಗೆ ಆರಂಭವಾಗುತ್ತದೆ. ಹೀಗಾಗಿ ಗಾಜಿನ ಕೆಳಗಿನ 50 ಸೆಂಟಿಮೀಟರ್ ಮುಚ್ಚಿ, ಮೇಲಿನದನ್ನು ಬೆಳಕಿಗೆ ಬಿಟ್ಟೆವು. ಸೋಫಾವನ್ನು ಕಿಟಕಿಯಿಂದ 2 ಮೀಟರ್ ದೂರಕ್ಕೆ ಸರಿಸಿದೆವು, ಇಲ್ಲದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಒಣ ಗಾಜಿಗೆ ಅಂಟಿಸಿದ ಮೊದಲ ಹಾಳೆ ಗುಳ್ಳೆಗಳಿಂದ ತುಂಬಿಹೋಯಿತು. ಗಾಜಿನ ಚೌಕಟ್ಟಿಗೆ ತಾಗುವಂತೆ ಕತ್ತರಿಸಿದ್ದರಿಂದ ಅಂಚು ಮೇಲೆದ್ದು, ಕೆಂಚನ ಉಗುರಿಗೆ ಸಿಕ್ಕಿ ಹರಿಯಿತು. ಎರಡನೆಯ ಸಲ ಅರ್ಧ ಲೀಟರ್ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಗಾಜನ್ನೂ ಫಿಲ್ಮಿನ ಅಂಟುಮುಖವನ್ನೂ ಚೆನ್ನಾಗಿ ತೋಯಿಸಿ, ಸ್ಥಾನಕ್ಕೆ ಜಾರಿಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿನತ್ತ ನೀರನ್ನು ತಳ್ಳಿದೆವು. ಅಂಚಿನ ಸುತ್ತ 2 ಮಿಲಿಮೀಟರ್ ಜಾಗ ಬಿಟ್ಟು ಕತ್ತರಿಸಿದೆವು. ಈ ಹಾಳೆ ಈಗಲೂ ಗಟ್ಟಿಯಾಗಿದೆ.

ಹಗಲಿನ ಮಟ್ಟಿಗೆ ಕೆಲಸ ಮುಗಿಯಿತು. ಕತ್ತಲಾದ ಮೇಲೆ ಬೇರೆಯೇ ತೊಂದರೆ ಎದುರಾಯಿತು. ರಸ್ತೆ ದೀಪದ ಎದುರು ಯಾರು ನಡೆದುಹೋದರೂ ಅವರ ನೆರಳು ಮಬ್ಬು ಹಾಳೆಯ ಮೇಲೆ ದೊಡ್ಡದಾಗಿ ಹರಿದುಹೋಗುತ್ತಿತ್ತು. ನಾಯಿಯ ಕಣ್ಣು ಸೂಕ್ಷ್ಮ ವಿವರಗಳಿಗಿಂತ ಚಲನೆಯನ್ನು ಚೆನ್ನಾಗಿ ಹಿಡಿಯುತ್ತದೆ. ಹೋಗುತ್ತಿರುವುದು ಮನುಷ್ಯನೋ ನಾಯಿಯೋ ಎಂದು ತಿಳಿಯದೆ ಕೆಂಚ ಮೊದಲಿಗಿಂತ ಹೆಚ್ಚು ಬೊಗಳಿತು. ಕೊನೆಗೆ 6 ಮಿಲಿಮೀಟರ್ ಪ್ಲೈವುಡ್ಡಿನ ಹಲಗೆಯೊಂದನ್ನು ಗಾಜಿನ ಕೆಳಭಾಗದ ಅಳತೆಗೆ ಕತ್ತರಿಸಿ, ಒಳಮುಖಕ್ಕೆ ದಪ್ಪ ಉಣ್ಣೆ ಬಟ್ಟೆ ಅಂಟಿಸಿ, ಎರಡು ಕೊಕ್ಕೆಗಳಿಂದ ತೂಗುಹಾಕಿದೆವು. ದೀಪ ಹಚ್ಚುವ ಹೊತ್ತಿಗೆ ಹಲಗೆ ಏರುತ್ತದೆ, ಬೆಳಿಗ್ಗೆ ಇಳಿಯುತ್ತದೆ. ಕಿಟಕಿ ರಸ್ತೆ ದೀಪಕ್ಕೆ ಮುಖಮಾಡಿದ್ದರೆ ಫಿಲ್ಮಿನ ಗೋಜಿಗೇ ಹೋಗದೆ ಮೊದಲೇ ಹಲಗೆ ಹಾಕುವುದು ಒಳ್ಳೆಯದು.

ಹಂತ 2: ಒಳಗೇಟು

ಉದ್ದೇಶ ಇಷ್ಟೇ: ಮುಂಬಾಗಿಲು ತೆರೆದಾಗ ನಾಯಿಗೂ ಬಂದವರಿಗೂ ನಡುವೆ ಇನ್ನೊಂದು ತಡೆ ಇರಬೇಕು. ನಡುವಿನ ಜಾಗದಲ್ಲಿ ಮುಂಬಾಗಿಲಿನ 90 ಸೆಂಟಿಮೀಟರ್ ಅಗಲದ ಹಲಗೆ ತಿರುಗಬೇಕು, ಜೊತೆಗೆ ಚೀಲ ಹಿಡಿದ ಒಬ್ಬರು ನಿಲ್ಲಬೇಕು. ಆದ್ದರಿಂದ ಬಾಗಿಲಿನಿಂದ 1.6 ಮೀಟರ್ ಒಳಗೆ, 104 ಸೆಂಟಿಮೀಟರ್ ಅಗಲದ ಓಣಿಯಲ್ಲಿ ಗೇಟಿಗೆ ಸ್ಥಳ ಗುರುತಿಸಿದೆವು.

ಮೊದಲು ತಂದದ್ದು ಮಕ್ಕಳು ಮೆಟ್ಟಿಲಿಳಿಯದಂತೆ ಇಡುವ, ತಿರುಪಿನ ಒತ್ತಡದಿಂದಲೇ ಗೋಡೆಗಳ ನಡುವೆ ನಿಲ್ಲುವ 76 ಸೆಂಟಿಮೀಟರ್ ಎತ್ತರದ ಗೇಟು. ಕೆಂಚ ಎದೆಯಿಂದ ಗುದ್ದಿದ ಕೂಡಲೇ ರಬ್ಬರ್ ಕಾಲುಗಳು ಬಣ್ಣದ ಮೇಲೆ ಜಾರಿ ಗೇಟು ಓರೆಯಾಯಿತು. ಇಷ್ಟು ತೂಕದ ನಾಯಿಗೆ ಇಂಥ ಗೇಟು ತಡೆಯಲ್ಲ. ಮೇಲೆ ಬಿದ್ದರೆ ಹೆದರುವುದಕ್ಕೆ ಹೊಸದೊಂದು ಕಾರಣ ಅಷ್ಟೆ.

ಆಮೇಲೆ ಉಕ್ಕಿನ ಚೌಕಟ್ಟಿನ ಗೇಟು ಮಾಡಿಸಿದೆವು. ಎತ್ತರ 125 ಸೆಂಟಿಮೀಟರ್, ಸರಳುಗಳ ನಡುವಿನ ಅಂತರ 5, ನೆಲದಿಂದ ಬಿಟ್ಟ ಜಾಗ 4. ನಡುವೆ ಅಡ್ಡಪಟ್ಟಿ ಇಲ್ಲ, ಏಕೆಂದರೆ ಅಡ್ಡಪಟ್ಟಿಯೆಂದರೆ ನಾಯಿಗೆ ಹತ್ತಲು ಮೆಟ್ಟಿಲು. ಕೆಳಗಿನ 90 ಸೆಂಟಿಮೀಟರ್‌ಗೆ ಪ್ಲೈವುಡ್ ಹೊಡೆದದ್ದರಿಂದ ಬಂದವರ ಕಾಲುಗಳು ಕೆಂಚನಿಗೆ ಕಾಣುವುದಿಲ್ಲ. ಮೇಲ್ಭಾಗ ತೆರೆದಿರುವುದರಿಂದ ನಾವು ಅವರೊಡನೆ ಮಾತನಾಡಬಹುದು. ನಾನು ಗೇಟು ಹೊರಗಡೆಗೆ ತೆರೆಯಲಿ ಎಂದು ಚಿತ್ರ ಬರೆದುಕೊಟ್ಟಿದ್ದೆ. ವೆಲ್ಡಿಂಗ್ ಮಾಡುವವರು ಅದನ್ನು ನೋಡಿ, “ಸಾರ್, ನಾಯಿ ತಳ್ಳಿದಷ್ಟೂ ಗೇಟು ಮುಚ್ಚಬೇಕು, ಇದು ತಳ್ಳಿದರೆ ತೆಗೆದುಕೊಳ್ಳತ್ತೆ” ಎಂದರು. ಗೇಟನ್ನು ನಾಯಿಯಿರುವ ಕಡೆಗೆ ತೆರೆಯುವಂತೆ, ಹೊರಗಡೆ ತಡೆಪಟ್ಟಿಯಿಟ್ಟು ಬದಲಿಸಿದರು. ಇಡೀ ಕೆಲಸದಲ್ಲಿ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದು.

ಗೋಡೆಗೆ ಮೊದಲು 6 ಮಿಲಿಮೀಟರ್ ಬಿಟ್ಟಿನಿಂದ, ಆಮೇಲೆ 8 ಮಿಲಿಮೀಟರ್ ಬಿಟ್ಟಿನಿಂದ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ತುಂಬಿ, 60 ಮಿಲಿಮೀಟರ್ ಸ್ಕ್ರೂಗಳಿಂದ ಮೂರು ಸ್ಪ್ರಿಂಗ್ ಕೀಲುಗಳನ್ನು ಬಿಗಿದೆವು. ಒಂದು ತೂತು ಇಟ್ಟಿಗೆಗಳ ನಡುವಿನ ಗಾರೆಗೆ ಬಿದ್ದು ಪುಡಿಯಾದ್ದರಿಂದ ಆ ಕೀಲನ್ನು 4 ಸೆಂಟಿಮೀಟರ್ ಮೇಲಕ್ಕೇರಿಸಬೇಕಾಯಿತು. ಕೊರೆಯುವ ಹೊತ್ತಿಗೆ ಕೆಂಚ ಮನೆಯಲ್ಲಿರಲಿಲ್ಲ. ಸದ್ದಿಗೆ ಅಂಜುವ ನಾಯಿಯಿರುವ ಮನೆಯಲ್ಲಿ ಡ್ರಿಲ್ ಬಳಸುವುದಾದರೆ ಇದು ಸ್ಕ್ರೂಗಳಷ್ಟೇ ಮುಖ್ಯವಾದ ತಯಾರಿ. ಗೇಟು ತಾನಾಗಿ ಮುಚ್ಚಿಕೊಳ್ಳುವಾಗ ಚಿಲಕ ಠಣ್ಣೆಂದು ಬಡಿಯುತ್ತಿತ್ತು. ಚಿಲಕದ ನಾಲಿಗೆ ತಾಗುವಲ್ಲಿ 3 ಮಿಲಿಮೀಟರ್ ದಪ್ಪದ ರಬ್ಬರ್ ತುಂಡು ಅಂಟಿಸಿದ ಮೇಲೆ ಮೆತ್ತಗಾಯಿತು.

ಎರಡರಲ್ಲಿ ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿರಬೇಕೆಂದು ಗೇಟಿನ ಮೇಲಂಚಿನಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ಮನೆಯವರಿಗೆ ಇದು ಬೇಡವೆನಿಸಬಹುದು, ಆದರೆ ಎರಡೂ ಕೈಯಲ್ಲಿ ಸಾಮಾನು ಹಿಡಿದು ಬರುವವರು ಮರೆಯುವುದು ಇದನ್ನೇ.

ಹಂತ 3: ಕರೆಗಂಟೆ

ಹೆಚ್ಚು ಕಾಲ ಹಿಡಿದದ್ದು ಈ ಹಂತ. ಹೆದರಿಸುವ ಸದ್ದನ್ನು ತೀರ ಮೆಲ್ಲಗೆ ಕೇಳಿಸಿ, ಕೇಳಿಸಿದೊಡನೆ ಇಷ್ಟದ ತಿನಿಸು ಕೊಡುತ್ತ, ದಿನಗಳೆದಂತೆ ಸದ್ದನ್ನು ಏರಿಸುವುದು ಎಲ್ಲರೂ ಹೇಳುವ ವಿಧಾನ. ಅದರಂತೆ ಗಂಟೆಯ ಸದ್ದನ್ನು ಫೋನಿನಲ್ಲಿ ಮುದ್ರಿಸಿಕೊಂಡು ನುಡಿಸಿದೆವು. ಫೋನಿನಲ್ಲಿ ಪೂರ್ತಿ ಸದ್ದಿಗೆ ಏರಿಸಿದಾಗಲೂ ಕೆಂಚ ಕಿವಿ ಅಲುಗಿಸಲಿಲ್ಲ. ನಿಜವಾದ ಗಂಟೆ ಬಾರಿಸಿದಾಗ ಮಾತ್ರ ಮೊದಲಿನಂತೆಯೇ ಸಿಡಿಯಿತು. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದು 40,000ವನ್ನೂ ದಾಟುತ್ತದೆ. ಲೋಹದ ಪಟ್ಟಿಗೆ ಸುತ್ತಿಗೆ ಬಡಿದು ಹೊಮ್ಮುವ ಸದ್ದನ್ನು ಫೋನಿನ ಸಣ್ಣ ಸ್ಪೀಕರ್ ಪೂರ್ತಿಯಾಗಿ ಹೊರಡಿಸಲಾರದು. ಎರಡೂ ಒಂದೇ ಎಂದುಕೊಂಡದ್ದು ನಾವು ಮಾತ್ರ.

ಹಳೆಯ ಗಂಟೆಯ ಸಂಪರ್ಕ ತೆಗೆಸಿ, ಬಂದವರು ಫೋನ್ ಮಾಡಬೇಕೆಂದು ಹೊರಗೆ ಫಲಕ ಹಾಕಿದೆವು. ಅಷ್ಟರಲ್ಲೇ ಮನೆಯ ವಾತಾವರಣ ಅರ್ಧ ಹಗುರಾಯಿತು. ಇಷ್ಟಕ್ಕೇ ನಿಲ್ಲಿಸುವವರನ್ನು ನಾನು ತಪ್ಪೆನ್ನುವುದಿಲ್ಲ. ಆದರೂ ಫೋನಿಲ್ಲದೆ ಬರುವವರಿಗಾಗಿ, ರಾಗವೇ ಬೇರೆಯಾದ, ಬ್ಯಾಟರಿಯಿಂದ ನಡೆಯುವ ನಿಸ್ತಂತು ಗಂಟೆಯೊಂದನ್ನು ತಂದೆವು. ಹಳೆಯ ಸದ್ದಿನ ಭಯವನ್ನು ಅಳಿಸುವುದಕ್ಕಿಂತ ಇನ್ನೂ ಭಯ ಅಂಟದ ಹೊಸ ಸದ್ದಿನಿಂದ ಆರಂಭಿಸುವುದು ಸುಲಭ.

ಗಂಟೆಯ ಕನಿಷ್ಠ ಸದ್ದೂ ಜೋರಾಗಿಯೇ ಇತ್ತು. ಅದನ್ನು ನಾಲ್ಕು ಸುತ್ತು ಸ್ನಾನದ ಟವೆಲ್ಲಿನಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಕೊನೆಯ ಕೋಣೆಯ ಬಟ್ಟೆ ಕಪಾಟಿನಲ್ಲಿಟ್ಟೆವು. ಕೆಂಚ ಹಜಾರದಲ್ಲಿ ಮಲಗಿದ್ದಾಗ ಒಬ್ಬರು ಗುಂಡಿ ಒತ್ತುವುದು, ಸದ್ದು ಕೇಳಿದ ಮೇಲೆ ನಾನು ಬಟಾಣಿ ಗಾತ್ರದ ಮಾಂಸದ ಚೂರನ್ನು ಮುಂದಿಡುವುದು. ಕ್ರಮ ತಪ್ಪಬಾರದು: ಸದ್ದು ಮೊದಲು, ತಿನಿಸು ಆಮೇಲೆ. ತಿನಿಸು ಮುಂಚೆ ಬಂದರೆ ತಿನಿಸೇ ಅಪಾಯದ ಮುನ್ಸೂಚನೆಯಾಗಿಬಿಡುತ್ತದೆ.

ಈ ಕ್ರಮ ನಮಗೆ ತಿಳಿಯದಂತೆಯೇ ಎರಡು ಕಡೆ ತಪ್ಪಿಹೋಗಿತ್ತು. ತಿನಿಸಿನ ಡಬ್ಬಿಯ ಮುಚ್ಚಳವನ್ನು ನಾನು ಗಂಟೆಗೆ ಮೊದಲೇ ಸಡಿಲಿಸಿಕೊಳ್ಳುತ್ತಿದ್ದೆ. ಕೆಂಚನ ಕಿವಿ ಗಂಟೆಗಲ್ಲ, ಮುಚ್ಚಳದ ಟಕ್ ಸದ್ದಿಗೆ ನೆಟ್ಟಗಾಗುತ್ತಿತ್ತು. ಚೂರುಗಳನ್ನು ಮುಚ್ಚಳವಿಲ್ಲದ ಬಟ್ಟಲಿನಲ್ಲಿ ಎತ್ತರದ ಕಪಾಟಿನ ಮೇಲಿಟ್ಟು ಅದನ್ನು ಸರಿಪಡಿಸಿದೆ. ಗುಂಡಿ ಒತ್ತುವವರಿಗೆ ನಾನು ಫೋನಿನಲ್ಲಿ ಕಳಿಸುತ್ತಿದ್ದ ಸಂದೇಶದ ಗುಂಯ್ ಸದ್ದು ಎರಡನೆಯ ಸುಳಿವಾಗಿತ್ತು. ಆಮೇಲೆ ಇಬ್ಬರ ಗಡಿಯಾರವನ್ನೂ ಹೊಂದಿಸಿಕೊಂಡು, ಒತ್ತಬೇಕಾದ ಹೊತ್ತುಗಳನ್ನು ಅಡ್ಡಾದಿಡ್ಡಿ ಅಂತರದಲ್ಲಿ ಚೀಟಿಯಲ್ಲಿ ಬರೆದುಕೊಟ್ಟೆ.

ಸದ್ದು ಕೇಳಿದೊಡನೆ ಕೆಂಚ ಬಾಗಿಲತ್ತ ತಿರುಗದೆ ನನ್ನತ್ತ ತಿರುಗಿ ಬಾಲ ಸಡಿಲಿಸಿದರೆ ಮಾತ್ರ ಟವೆಲ್ಲಿನ ಒಂದು ಸುತ್ತು ಬಿಚ್ಚುತ್ತಿದ್ದೆವು. ಎದ್ದು ನಿಂತರೆ, ಬಾಯಿ ಬಿಗಿದರೆ, ಚೂರನ್ನು ಬೆರಳು ತಾಗುವಂತೆ ಕಸಿದುಕೊಂಡರೆ ಬಿಚ್ಚಿದ ಸುತ್ತು ಮತ್ತೆ ಏರುತ್ತಿತ್ತು. ಟವೆಲ್ ಪೂರ್ತಿ ಹೋಗಿ, ಪೆಟ್ಟಿಗೆಯ ಮುಚ್ಚಳ ತೆರೆದು, ಕಪಾಟಿನಿಂದ ಹೊರಬಂದು, ಗಂಟೆ ಕೊನೆಗೆ ಓಣಿಯ ಗೋಡೆಗೆ ಬಂದು ನಿಂತಿತು. ಈಗ ಗಂಟೆ ಕೇಳಿದರೆ ಕೆಂಚ ಒಂದೆರಡು ಸಲ ಬೊಗಳಿ, ಒಳಕೋಣೆಯ 90×60 ಸೆಂಟಿಮೀಟರ್ ಹಾಸಿಗೆಗೆ ಹೋಗಿ ಚೂರಿಗಾಗಿ ಕಾಯುತ್ತದೆ. ಆ ಒಂದೆರಡು ಸಲ ಇದ್ದುಕೊಳ್ಳಲಿ ಎಂದು ಬಿಟ್ಟಿದ್ದೇವೆ.

ಹಂತ 4: ಅಡಗುಮೂಲೆ

ಬಾಗಿಲು ಮುಚ್ಚುವ ತಂತಿಯ ಗೂಡೊಂದನ್ನು ತಂದು ಕೂಡಿಹಾಕಿದ್ದು ಈ ಹಂತದ ಕೆಟ್ಟ ಅಧ್ಯಾಯ. ಹೊರಗೆ ಗುಡುಗಿದಾಗ ಕೆಂಚ ತಂತಿ ಕಚ್ಚಿ, ನೆಲ ಕೆರೆದು, ಉಗುರು ಮುರಿದುಕೊಂಡಿತು. ಗಾಬರಿಗೊಂಡ ನಾಯಿಗೆ ಓಡಿಹೋಗುವ ದಾರಿಯೇ ಇಲ್ಲದಂತೆ ಮಾಡಿದರೆ ಗಾಬರಿ ಇಳಿಯುವುದಿಲ್ಲ. ಗೂಡನ್ನು ಮನೆಯಿಂದಲೇ ಹೊರಹಾಕಿದೆವು.

ಅದರ ಬದಲಿಗೆ ರಸ್ತೆಯಿಂದ ಅತಿ ದೂರದ ಕೋಣೆಯಲ್ಲಿ, ಗೋಡೆಮೂಲೆಗೆ ತಾಗಿಸಿ 75 ಸೆಂಟಿಮೀಟರ್ ಎತ್ತರದ ಮೇಜಿಟ್ಟೆವು. ಮೇಜಿನಡಿಯ ಜಾಗ 120×80. ಮೂರು ಕಡೆಗೆ ದಪ್ಪ ಹಳೆಯ ರಜಾಯಿ, ನಾಲ್ಕನೆಯದು ಯಾವಾಗಲೂ ತೆರೆದದ್ದು, ನೆಲಕ್ಕೆ 8 ಸೆಂಟಿಮೀಟರ್ ಫೋಮ್. ಒಳಗಿರುವಾಗ ಅದನ್ನು ಯಾರೂ ಮುಟ್ಟುವಂತಿಲ್ಲ, ಕರೆಯುವಂತಿಲ್ಲ, ಇಣುಕಿ ನೋಡುವಂತಿಲ್ಲ.

ಹೊರಗಿನ ಸದ್ದನ್ನು ಮರೆಮಾಡಲು ಮೊದಲು ಫೋನಿನಲ್ಲಿ ಮಳೆಯ ಸದ್ದು ಹಾಕಿದೆವು. ಮಳೆಯ ಹಿಂದೆ ಗುಡುಗು ಬರುತ್ತದೆಂದು ಬಲ್ಲ ಕೆಂಚ ಅದನ್ನು ಕೇಳಿಯೇ ನಡುಗತೊಡಗಿತು. ಈಗ ಹಳೆಯ ನಿಲುವು ಫ್ಯಾನೊಂದನ್ನು ಗೋಡೆಗೆ ಮುಖಮಾಡಿ ಓಡಿಸುತ್ತೇವೆ. ಅದರ ಏರಿಳಿತವಿಲ್ಲದ ಮೊರೆತ ಫೋಮಿನ ಮೇಲೆ ಫೋನಿಟ್ಟು ಅಳೆದಾಗ ಸುಮಾರು 48 ಡೆಸಿಬಲ್ ಇತ್ತು. ಗುಡುಗನ್ನು ಇದು ಮುಚ್ಚುವುದಿಲ್ಲ. ಗೇಟಿನ ಕಿರ್ರೆನ್ನುವಿಕೆ, ದೂರದ ಹಾರ್ನ್, ಪಕ್ಕದ ಮನೆಯ ಬಾಗಿಲು, ಇಷ್ಟನ್ನು ಮುಚ್ಚುತ್ತದೆ.

ಹಂತ 5: ಹಾರ್ನೆಸ್ ಮತ್ತು ಬಾಯಿಬುಟ್ಟಿ

ಹಾರ್ನೆಸ್ ಎಂದರೆ ಹಗ್ಗ ಸಿಕ್ಕಿಸಲು ನಾಯಿಯ ಎದೆಯ ಸುತ್ತ ತೊಡಿಸುವ ಪಟ್ಟಿ. ಕೆಂಚನ ಎದೆಯ ಸುತ್ತಳತೆ, ಮುಂಗಾಲುಗಳ ಹಿಂದೆ, 68 ಸೆಂಟಿಮೀಟರ್. ಪಟ್ಟಿಯಡಿ ಎರಡು ಬೆರಳು ಸೇರುವಷ್ಟು ಸಡಿಲ ಬಿಟ್ಟರೂ, ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ತಗ್ಗಿಸಿದರೆ ಹಾರ್ನೆಸ್ ಕಳಚಿಕೊಳ್ಳುತ್ತದೆ. ಹಾಗೊಮ್ಮೆ ಆದದ್ದು ನಮ್ಮ ಅಂಗಳದೊಳಗೆ ಎಂಬುದೇ ಅದೃಷ್ಟ. ಈಗ ಹಾರ್ನೆಸ್ಸಿನ ಉಂಗುರದಿಂದ ಕೊರಳಪಟ್ಟಿಗೆ 25 ಸೆಂಟಿಮೀಟರಿನ ಪಟ್ಟಿಯೊಂದನ್ನು ಕೊಂಡಿ ಹಾಕಿ ಜೋಡಿಸಿದ್ದೇವೆ. ಒಂದು ಕಳಚಿದರೆ ಇನ್ನೊಂದು ಹಿಡಿಯುತ್ತದೆ. ಹಗ್ಗ 3 ಮೀಟರ್ ಉದ್ದ, 20 ಮಿಲಿಮೀಟರ್ ಅಗಲದ್ದು. ತಾನಾಗಿ ಸುತ್ತಿಕೊಳ್ಳುವ ಹಗ್ಗವನ್ನು ಬಿಟ್ಟೆವು, ಏಕೆಂದರೆ ಅದರ ಹಿಡಿಕೆ ಕೈಜಾರಿದರೆ ನೆಲಕ್ಕೆ ಬಡಿಯುತ್ತ ನಾಯಿಯನ್ನೇ ಅಟ್ಟಿಸಿಕೊಂಡು ಬರುತ್ತದೆ.

ಮುಳ್ಳುಪಟ್ಟಿ, ವಿದ್ಯುತ್ ಪಟ್ಟಿಗಳನ್ನು ಹಲವರು ಸೂಚಿಸಿದರು. ಬೇರೆ ನಾಯಿ ಕಂಡಾಗಲೆಲ್ಲ ಕೊರಳಿಗೆ ನೋವಾದರೆ ಆ ನೋವನ್ನು ಕೆಂಚ ಯಾರ ಲೆಕ್ಕಕ್ಕೆ ಬರೆದುಕೊಳ್ಳುತ್ತದೆಂಬುದು ಸ್ಪಷ್ಟ. ಅಮೆರಿಕದ ಪಶುವೈದ್ಯಕೀಯ ಪ್ರಾಣಿವರ್ತನೆ ಸಂಘವೂ 2021ರ ತನ್ನ ಹೇಳಿಕೆಯಲ್ಲಿ ಬಹುಮಾನ ಆಧಾರಿತ ವಿಧಾನಗಳನ್ನಷ್ಟೇ ಶಿಫಾರಸು ಮಾಡಿದೆ.

ಬಾಯಿಬುಟ್ಟಿ ಎಂದರೆ ಕಚ್ಚದಂತೆ ನಾಯಿಯ ಮೂತಿಗೆ ತೊಡಿಸುವ ಕಂಬಿಯ ಬುಟ್ಟಿ. ಅದರ ಅಳತೆಯಲ್ಲಿ ಮೊದಲ ಖರೀದಿ ಕೆಟ್ಟಿತು. ಬಾಯಿ ಮುಚ್ಚಿದ ಸ್ಥಿತಿಯಲ್ಲಿ ಅಳೆದು ತಂದ ಬುಟ್ಟಿಯಲ್ಲಿ ಕೆಂಚ ನಾಲಿಗೆ ಚಾಚಿ ಏದುಸಿರು ಬಿಡಲು ಆಗುತ್ತಿರಲಿಲ್ಲ. ನಾಯಿ ಮೈಬಿಸಿ ಇಳಿಸಿಕೊಳ್ಳುವುದೇ ಹಾಗಾದ್ದರಿಂದ ಇದು ಅಪಾಯಕಾರಿ. ಸರಿಯಾದ ಅಳತೆಗಳು ಇವು: ಮೂಗಿನ ತುದಿಯಿಂದ ಕಣ್ಣಿನ ಕೆಳಗಿನವರೆಗೆ 9 ಸೆಂಟಿಮೀಟರ್; ಓಡಿ ಬಂದು ಏದುಸಿರು ಬಿಡುವಾಗ ಮೂತಿಯ ಮೇಲಿನಿಂದ ದವಡೆಯ ಕೆಳಗಿನವರೆಗೆ 11. ಬುಟ್ಟಿಯ ಒಳ ಉದ್ದ 10 ಇರಲಿ, ಮೂಗು ಮುಂದಿನ ಕಂಬಿಗೆ ತಾಗಬಾರದು. ಮೂಗಿನ ಮೇಲೆ ಕೂರುವ ಕಂಬಿಗೆ ಉಣ್ಣೆಬಟ್ಟೆ ಹೊಲಿದೆವು.

ಬುಟ್ಟಿಯನ್ನು ನಾಯಿಯ ಮುಖಕ್ಕೆ ತರುವಂತಿಲ್ಲ. ನಾಯಿಯೇ ಮೂತಿ ತೂರಿಸಬೇಕು. ಒಳಗೆ ತಿನಿಸು ಸವರಿ ಹಿಡಿದರೆ ಅದು ಬೇಗ ಬರುತ್ತದೆ. ತಡೆಯಾದದ್ದು ಕಿವಿಯ ಹಿಂದೆ ಬಕಲ್ ಹಾಕುವಾಗಿನ ಕ್ಲಿಕ್ ಸದ್ದು. ಬಕಲನ್ನು ನನ್ನ ಕೈಯಲ್ಲೇ ಹಿಡಿದು ಕ್ಲಿಕ್ಕಿಸಿ ಚೂರು ಕೊಡುವುದನ್ನು ಬೇರೆಯಾಗಿ ಅಭ್ಯಾಸ ಮಾಡಿಸಿದ ಮೇಲೆಯೇ ಪಟ್ಟಿ ಕಟ್ಟಲು ಸಾಧ್ಯವಾಯಿತು. ಇಂದಿಗೂ ವೈದ್ಯರಲ್ಲಿಗೆ ಹೋಗುವಾಗ ಮಾತ್ರವಲ್ಲ, ಏನೂ ಕಾರಣವಿಲ್ಲದ ದಿನಗಳಲ್ಲೂ ಹಾಕುತ್ತೇವೆ.

ಹಂತ 6: ರಸ್ತೆ

ಮನೆ ಒಂದು ಹದಕ್ಕೆ ಬಂದ ಮೇಲೆ ಹೊರಗಿನ ಅಭ್ಯಾಸವನ್ನು ಮತ್ತೆ ಹಿಡಿದೆವು. ಇಲ್ಲಿ ಉಪಕರಣವೆಂದರೆ ಪುಸ್ತಕ ಮತ್ತು ಪೆನ್ಸಿಲ್. ಎದುರಾದದ್ದು ಏನು, ಎಷ್ಟು ಹೆಜ್ಜೆ ದೂರದಲ್ಲಿ, ಆಗ ಚೂರನ್ನು ತಿಂದಿತೇ, ತಿಂದದ್ದು ಮೆಲ್ಲಗೋ ಕಸಿದೋ: ಈ ನಾಲ್ಕು ಕಾಲಮ್ಮು ಸಾಕು. ತಿನ್ನದಿದ್ದರೆ ದೂರ ಸಾಲದು ಎಂದರ್ಥ, ಅಲ್ಲಿಂದಲೇ ಹಿಂದಿರುಗಬೇಕು. ಆರಂಭದಲ್ಲಿ ನಿಂತಿರುವ ನಾಯಿಗೆ 40 ಹೆಜ್ಜೆ ಬೇಕಾಗುತ್ತಿತ್ತು. ಈಗ 15 ಸಾಕು. ನೇರವಾಗಿ ನಮ್ಮತ್ತಲೇ ನಡೆದುಬರುವ ನಾಯಿಗೆ ಇವತ್ತಿಗೂ 30 ಬೇಕು. ಥಟ್ಟನೆ ಹಿಂದಿರುಗುವುದನ್ನು ಮನೆಯ ಓಣಿಯಲ್ಲಿ ಆಟದಂತೆ ಕಲಿಸಿಟ್ಟಿದ್ದರಿಂದ ರಸ್ತೆಯಲ್ಲಿ ಹಗ್ಗ ಎಳೆಯಬೇಕಾಗುವುದಿಲ್ಲ. ನಿಂತ ವಾಹನಗಳ ಮರೆ ಒಳ್ಳೆಯದು, ಆದರೆ ಅದರಾಚೆ ಇನ್ನೊಂದು ನಾಯಿ ನಿಂತಿಲ್ಲವೆಂದು ಮೊದಲು ನೋಡಿಕೊಳ್ಳಬೇಕು. ಒಂದು ದೊಡ್ಡ ರಂಪವಾದರೆ ಮರುದಿನ ರಸ್ತೆಗಿಳಿಯದೆ, ಮನೆಯೊಳಗೇ ಮೂಸಿ ಹುಡುಕುವ ಆಟ ಆಡಿಸುತ್ತೇವೆ. ಹೆದರಿಕೆಯ ಮೇಲೆ ಹೆದರಿಕೆ ಪೇರಿಸಿದರೆ ಸಣ್ಣ ಸದ್ದಿಗೂ ದೊಡ್ಡ ಸಿಡಿತ.

ಬಾಕಿ ಉಳಿದದ್ದು

ಗುಡುಗಿಗೆ ಅಡಗುಮೂಲೆ ಸಾಲದು. ಮಳೆಗಾಲಕ್ಕೆ ಮೊದಲು ವೈದ್ಯರೊಡನೆ ಇನ್ನೊಮ್ಮೆ ಮಾತನಾಡಬೇಕಾಗಿದೆ. ಹಿತ್ತಲಿನ ಜಾಲರಿ ಬೇಲಿಯ ಆಚೆ ಬೆಕ್ಕೊಂದು ದಿನವೂ ನಡೆದುಹೋಗುತ್ತದೆ. ಬೇಲಿಗೆ 120 ಸೆಂಟಿಮೀಟರ್ ಎತ್ತರದ ಹಸಿರು ನೆರಳುಬಲೆ ಕಟ್ಟಿದೆವು, ಗಾಳಿಗೆ ಪಟಪಟನೆ ಬಡಿದು ಅದೇ ಹೊಸ ತೊಂದರೆಯಾಯಿತು. ಈಗ ಮೇಲೆ, ನಡುವೆ, ಕೆಳಗೆ ಮೂರು ಸಾಲು ತಂತಿ ಎಳೆದು, 15 ಸೆಂಟಿಮೀಟರ್‌ಗೊಂದರಂತೆ ಬಲೆಯನ್ನು ಬಿಗಿಯುತ್ತಿದ್ದೇನೆ. ಅರ್ಧ ಬೇಲಿ ಮುಗಿದಿದೆ. ಮಿಕ್ಕರ್ಧ ಮುಗಿಯುವವರೆಗೆ ಕೆಂಚ ಹಿತ್ತಲಿಗೆ ಹಗ್ಗ ಹಾಕಿಕೊಂಡೇ ಹೋಗುತ್ತದೆ.